ನೀವು ಒತ್ತದ ಕ್ಲಿಕ್ ಒತ್ತಿದ್ದು ಯಾರು? ಜಾಹೀರಾತು ಬಾಟ್‌ಗಳನ್ನು ಗುರುತಿಸುವ ಬಗೆ

‘ಈ ಆ್ಯಪ್ ಹಾಕಿಕೊಳ್ಳಿ, ಜಾಹೀರಾತು ಕ್ಲಿಕ್ ಮಾಡಿ, ಮನೆಯಲ್ಲೇ ದುಡ್ಡು ಗಳಿಸಿ’ ಎಂಬ ಸಂದೇಶಗಳು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ‘ಬರೀ ಕ್ಲಿಕ್ ತಾನೇ, ಯಾರಿಗೇನು ನಷ್ಟ?’ ಎಂದು ಫಾರ್ವರ್ಡ್ ಮಾಡುವವರೂ ಇದ್ದಾರೆ. ನಷ್ಟ ಇದೆ, ಅದು ನಮ್ಮ ಊರಿನವರಿಗೇ ಆಗಬಹುದು.

ಕ್ಲಿಕ್ ವಂಚನೆ ಎಂದರೇನು?

ಆನ್‌ಲೈನ್ ಜಾಹೀರಾತಿಗೆ ಅನೇಕ ಕಡೆ ಪ್ರತಿ ಕ್ಲಿಕ್‌ಗೆ ಇಷ್ಟು ಎಂದು ಹಣ ಕಟ್ಟಬೇಕು. ಗಜೇಂದ್ರಗಡದ ನೇಕಾರರೊಬ್ಬರು ಪಟ್ಟೆದ ಅಂಚಿನ ಸೀರೆ ಮಾರಲು ದಿನಕ್ಕೆ 500 ರೂ. ಜಾಹೀರಾತು ಕೊಟ್ಟಿದ್ದಾರೆ, ಒಂದು ಕ್ಲಿಕ್‌ಗೆ 5 ರೂ. ಎಂದುಕೊಳ್ಳೋಣ. 100 ಕ್ಲಿಕ್ ಆದರೆ ಆ ದಿನದ ಹಣ ಮುಗಿಯಿತು. ಅದರಲ್ಲಿ 40 ಕ್ಲಿಕ್ ಬಾಟ್‌ನವಾದರೆ 200 ರೂ. ನೀರಿನಲ್ಲಿ ಹೋಮ ಮಾಡಿದಂತೆ. ಆ ಹಣದ ಒಂದು ಪಾಲು ಜಾಹೀರಾತು ತೋರಿಸಿದ ಆ್ಯಪ್ ಅಥವಾ ವೆಬ್‌ಸೈಟ್‌ನವರಿಗೆ ಸೇರುತ್ತದೆ. ವಂಚಕರು ಬಾಟ್ ಓಡಿಸುವುದು ಈ ಪಾಲಿಗಾಗಿ.

ನಿಮ್ಮ ಫೋನ್ ಇದರಲ್ಲಿ ಹೇಗೆ ಸೇರುತ್ತದೆ?

2017ರಲ್ಲಿ ಚೆಕ್ ಪಾಯಿಂಟ್ ಸಂಸ್ಥೆ ‘ಜೂಡಿ’ ಎಂಬ ಕುತಂತ್ರಾಂಶವನ್ನು ಪತ್ತೆ ಮಾಡಿತು. ಪ್ಲೇ ಸ್ಟೋರ್‌ನಲ್ಲೇ ಇದ್ದ ಒಂದೇ ಕಂಪನಿಯ 41 ಆ್ಯಪ್‌ಗಳು ಬಳಕೆದಾರರಿಗೆ ತಿಳಿಯದಂತೆ ಜಾಹೀರಾತು ಕ್ಲಿಕ್ ಮಾಡುತ್ತಿದ್ದವು. 2019ರಲ್ಲಿ ಒರಾಕಲ್ ಬಯಲಿಗೆಳೆದ ‘ಡ್ರೇನರ್‌ಬಾಟ್’ ಕಣ್ಣಿಗೆ ಕಾಣದ ವಿಡಿಯೊ ಜಾಹೀರಾತುಗಳನ್ನು ಓಡಿಸಿ ತಿಂಗಳಿಗೆ 10 ಜಿಬಿಗೂ ಹೆಚ್ಚು ಡೇಟಾ ನುಂಗಬಲ್ಲದಾಗಿತ್ತು. ಪ್ಯಾಕ್ ನಿಮ್ಮದು, ಲಾಭ ಅವರದು.

ಬಾಟ್ ಪತ್ತೆ ಹೇಗೆ?

• ಸಮಯ: ಪುಟ ತೆರೆದ ಕ್ಷಣದಲ್ಲೇ, ಗಡಿಯಾರದಂತೆ ಒಂದೇ ಅಂತರದಲ್ಲಿ ಕ್ಲಿಕ್ ಬಂದರೆ ಅನುಮಾನ.
• ಬೆರಳು: ಮನುಷ್ಯ ಪರದೆ ಸರಿಸುತ್ತಾನೆ, ತಡೆಯುತ್ತಾನೆ, ತಪ್ಪಾಗಿ ಒತ್ತುತ್ತಾನೆ. ಸರಳ ಬಾಟ್ ಪ್ರತಿಸಲ ಒಂದೇ ಬಿಂದುವನ್ನು ಒತ್ತುತ್ತದೆ.
• ಅಡಗಿಸಿದ ಲಿಂಕ್: ಮನುಷ್ಯರಿಗೆ ಕಾಣದ ಲಿಂಕನ್ನು ಪುಟದಲ್ಲಿ ಇಟ್ಟಿರುತ್ತಾರೆ. ಅದನ್ನು ಒತ್ತಿದ್ದು ಬಹುತೇಕ ಯಂತ್ರವೇ.
• ಕ್ಲಿಕ್ ನಂತರ: ನೂರಾರು ಕ್ಲಿಕ್ ಬಂದರೂ ಒಂದು ಕರೆ, ಒಂದು ವಿಚಾರಣೆ ಇಲ್ಲದಿದ್ದರೆ ಪರಿಶೀಲಿಸಬೇಕು.
• ಐಪಿ ವಿಳಾಸ: ಡೇಟಾ ಸೆಂಟರ್‌ನಿಂದ ಬಂದ ಕ್ಲಿಕ್ ಸಂಶಯಾಸ್ಪದ.

ಕೊನೆಯ ಗುರುತಿನಲ್ಲಿ ಎಚ್ಚರ ಬೇಕು. ಮೊಬೈಲ್ ನೆಟ್‌ವರ್ಕ್‌ನಲ್ಲಿ ಅನೇಕ ಫೋನ್‌ಗಳು ಒಂದೇ ಐಪಿ ವಿಳಾಸ ಹಂಚಿಕೊಳ್ಳುತ್ತವೆ. ನರಗುಂದದಲ್ಲಿ ಕುಳಿತವರು ಬೆಂಗಳೂರಿನಲ್ಲಿ ಇದ್ದಂತೆ ಕಾಣಬಹುದು. ಆದ್ದರಿಂದ ‘ಒಂದೇ ಐಪಿಯಿಂದ ಹತ್ತು ಕ್ಲಿಕ್ ಬಂತು, ಮೋಸವೇ’ ಎನ್ನುವಂತಿಲ್ಲ. ಹಲವು ಗುರುತುಗಳು ಕೂಡಿದಾಗ ಮಾತ್ರ ನಿರ್ಣಯ. ಗೂಗಲ್‌ನಲ್ಲಿ ಜಾಹೀರಾತು ಕೊಡುವವರು ‘ಅಮಾನ್ಯ ಕ್ಲಿಕ್’ಗಳ ಲೆಕ್ಕವನ್ನು ತಮ್ಮ ಖಾತೆಯಲ್ಲೇ ನೋಡಬಹುದು. ಹಾಗೆಂದು ಗುರುತಿಸಿದ ಕ್ಲಿಕ್‌ಗೆ ಹಣ ಹಿಡಿಯುವುದಿಲ್ಲ.

ನಿಮ್ಮ ಫೋನ್ ಪರೀಕ್ಷಿಸಿ

ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ವಾರು ಡೇಟಾ ಮತ್ತು ಬ್ಯಾಟರಿ ಬಳಕೆ ನೋಡಿ. ಟಾರ್ಚ್ ಅಥವಾ ವಾಲ್‌ಪೇಪರ್ ಆ್ಯಪ್ ಹಿನ್ನೆಲೆಯಲ್ಲಿ ಜಿಬಿಗಟ್ಟಲೆ ಡೇಟಾ ಬಳಸಿದ್ದರೆ ತೆಗೆದುಹಾಕಿ. ಆದರೆ ಡೇಟಾ ಬೇಗ ಮುಗಿದ ಮಾತ್ರಕ್ಕೆ ಬಾಟ್ ಇದೆ ಎಂದಲ್ಲ. ಗ್ರೂಪಿನ ವಿಡಿಯೊಗಳು ತಾವಾಗಿಯೇ ಡೌನ್‌ಲೋಡ್ ಆಗುತ್ತಿರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ ಹಾಕಬೇಡಿ. ಪ್ಲೇ ಪ್ರೊಟೆಕ್ಟ್ ಆನ್ ಇರಲಿ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದಲ್ಲಿ ಬಾಟ್ ತೆಗೆಯುವ ಉಚಿತ ಸಾಧನಗಳು ಸಿಗುತ್ತವೆ.

‘ಕ್ಲಿಕ್ ಮಾಡಿ ಗಳಿಸಿ’ ನಿಜವೇ?

2017ರ ಫೆಬ್ರುವರಿಯಲ್ಲಿ ನೋಯ್ಡಾದ ಕಂಪನಿಯೊಂದರ ಮೇಲೆ ಉತ್ತರ ಪ್ರದೇಶ ಪೊಲೀಸರು ದಾಳಿ ಮಾಡಿದರು. ಪ್ರತಿ ಕ್ಲಿಕ್‌ಗೆ 5 ರೂ. ಕೊಡುತ್ತೇವೆಂದು ಜನರಿಂದ ಮೊದಲೇ ಹಣ ಕಟ್ಟಿಸಿಕೊಂಡಿದ್ದ ಆ ಜಾಲದ ಮೊತ್ತ ಸುಮಾರು 3,700 ಕೋಟಿ ರೂ. ಎಂದು ಪೊಲೀಸರು ಹೇಳಿದರು. ಈಗಿನ ‘ವಿಡಿಯೊ ಲೈಕ್ ಮಾಡಿ’ ಸಂದೇಶಗಳೂ ಇದೇ ಜಾಡಿನವು: ಮೊದಲು ನಂಬಿಕೆ ಹುಟ್ಟಿಸಲು ಚಿಲ್ಲರೆ ಹಣ ಹಾಕುತ್ತಾರೆ, ಆಮೇಲೆ ‘ಡೆಪಾಸಿಟ್’ ಕೇಳುತ್ತಾರೆ. ಕೆಲಸ ಕೊಡುವವರು ನಿಮ್ಮಿಂದಲೇ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ರೋಣ, ನರಗುಂದ, ಗಜೇಂದ್ರಗಡದವರು ಗದಗದ ಸಿಇಎನ್ ಪೊಲೀಸ್ ಠಾಣೆಗೂ ದೂರು ಕೊಡಬಹುದು. ಅಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ, ಕಳಿಸಿದವರಿಗೆ ಈ ಲೇಖನ ಕಳಿಸಿ.