ಕಣದ ರಾಶಿ

ಕನ್ನಡದಲ್ಲಿ ‘ಕಣ’ ಎರಡು. ಒಂದು ತೆನೆ ಒಕ್ಕುವ ನೆಲ, ನಮ್ಮದೇ ಮಾತು. ಇನ್ನೊಂದು ಸಂಸ್ಕೃತದಿಂದ ಬಂದದ್ದು, ಕಣ್ಣಿಗೆ ಬಿದ್ದರೂ ಬೀಳದಷ್ಟು ಸಣ್ಣ ಚೂರು. ಹುಟ್ಟು ಬೇರೆ, ಉಚ್ಚಾರ ಒಂದೇ. ಹಾಗಾಗಿ ‘ಕಣದ ರಾಶಿ’ ಎಂದರೆ ಊರಿನಲ್ಲಿ ಜೋಳದ ಗುಡ್ಡೆ, ಕಾಲೇಜಿನಲ್ಲಿ ಎಲೆಕ್ಟ್ರಾನಿನ ದ್ರವ್ಯರಾಶಿ.

ರಾಶಿ ಎಷ್ಟು ದುಡಿಯುವ ಪದ ನೋಡಿ. ಪಂಚಾಂಗದಲ್ಲಿ ಅದು ಮೇಷ, ವೃಷಭ. ಶಿರಸಿ ಕಡೆ ‘ರಾಶಿ ಚೊಲೋ’ ಎಂದರೆ ಬಹಳ ಚೆನ್ನಾಗಿದೆ ಎಂದರ್ಥ. ಅಲ್ಲಿಯ ಅಡಿಕೆ ಮಾರುಕಟ್ಟೆಗೆ ಹೋದರೆ ‘ರಾಶಿ’ ಕೆಂಪಡಿಕೆಯ ಒಂದು ಬಗೆ. ನಮ್ಮ ಬಯಲುಸೀಮೆಯಲ್ಲಿ ಒಕ್ಕಣೆಗೇ ಆ ಹೆಸರು. ‘ತೊಗರಿ ರಾಶಿ ನಡದೈತಿ’ ಎಂದರೆ ಸಾಕು, ಮನೆಮಂದಿಯೆಲ್ಲ ಎಲ್ಲಿದ್ದಾರೆಂದು ತಿಳಿಯುತ್ತದೆ.

ಚಿಕ್ಕವನಿದ್ದಾಗ ರಾಶಿ ಅಳೆಯುವ ಹೊತ್ತಿಗೆ ಎಣಿಸಲು ಅಜ್ಜ ನನ್ನನ್ನು ಕೂರಿಸಿಕೊಂಡಿದ್ದ. ಮೊದಲ ಕೊಳಗ ಬಿತ್ತು, ‘ಒಂದು’ ಎಂದೆ. ‘ಒಂದು ಅನಬ್ಯಾಡೋ ತಮ್ಮಾ, ಲಾಭ ಅನ್ನು’ ಎಂದ. ಲಾಭ, ಎರಡು, ಮೂರು. ಜೋಳ ಕೊಳಗದ ಬಾಯಿಯ ಮೇಲೆ ಗೋಪುರವಾಗಿ ನಿಲ್ಲುತ್ತಿತ್ತು. ಅಂಚಿನಿಂದ ನಾಲ್ಕು ಕಾಳು ಜಾರಿ ಮತ್ತೆ ಗುಡ್ಡೆ ಸೇರುತ್ತಿದ್ದವು. ರಾಶಿ ಎಂದರೆ ಕಾಳುಗಳ ಮೊತ್ತ, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ ಎಂಬುದು ಅಂದೇ ನನ್ನ ತಲೆಯಲ್ಲಿ ಕೂತಿತು.

ಮಾಸ್ ಎಂಬ ಇಂಗ್ಲಿಷ್ ಪದಕ್ಕೆ ‘ದ್ರವ್ಯರಾಶಿ’ ಎಂಬ ಹೆಸರಿಟ್ಟವರ ಮನಸ್ಸಿನಲ್ಲೂ ಇದೇ ಲೆಕ್ಕ ಇದ್ದೀತು. ಅವರನ್ನು ದೂರುವಂತಿಲ್ಲ. 1687ರ ‘ಪ್ರಿನ್ಸಿಪಿಯಾ’ದ ಮೊಟ್ಟಮೊದಲ ವ್ಯಾಖ್ಯೆಯಲ್ಲಿ ನ್ಯೂಟನ್ ಅವರೇ ಅದನ್ನು ದ್ರವ್ಯದ ಪ್ರಮಾಣ ಎಂದು ಕರೆದಿದ್ದರು. ಇನ್ನೂ ಹಿಂದಕ್ಕೆ ಹೋದರೆ ಮಾಸ್‌ನ ಬೇರು ಲ್ಯಾಟಿನ್ನಿನ ‘ಮಾಸ್ಸಾ’, ಅದರ ಹಿಂದೆ ಗ್ರೀಕರ ‘ಮಾಜಾ’. ಮಾಜಾ ಎಂದರೆ ಬಾರ್ಲಿ ಹಿಟ್ಟು ನಾದಿ ಕಟ್ಟಿದ ಮುದ್ದೆ. ಅವರು ಮುದ್ದೆಯಿಂದ ಹೊರಟರು, ನಾವು ಗುಡ್ಡೆಯಿಂದ. ಎರಡೂ ಊಟದ ಮಾತು.

ಆದರೆ ರಾಶಿ ಇದೆಯೆಂದು ಮೈಗೆ ಗೊತ್ತಾಗುವುದು ಬೇರೆ ರೀತಿಯಲ್ಲಿ. ಚೀಲ ಹೇರಿದ ಚಕ್ಕಡಿ ಕಣದಿಂದ ಮನೆಗೆ ಹೊರಡುವ ಗಳಿಗೆ ನೋಡಬೇಕು. ಎತ್ತುಗಳು ಕುತ್ತಿಗೆ ಚಾಚಿ ನೊಗಕ್ಕೆ ಬಿಗಿಯಾಗುತ್ತವೆ, ಗೊರಸು ಮಣ್ಣಿಗಿಳಿಯುತ್ತದೆ, ಗಾಡಿ ಮಿಸುಕುವುದಿಲ್ಲ. ಒಮ್ಮೆ ಉರುಳಿತೆಂದರೆ ನಿಲ್ಲಿಸುವುದಕ್ಕೂ ಅಷ್ಟೇ ಪಾಡು. ಹೊರಡಲೂ ಒಲ್ಲೆ, ನಿಲ್ಲಲೂ ಒಲ್ಲೆ. ಈ ಒಲ್ಲೆತನಕ್ಕೆ ಪಠ್ಯಪುಸ್ತಕ ಇಟ್ಟ ಹೆಸರು ಜಡತ್ವ. ತಕ್ಕಡಿ ಕೆಲಸಕ್ಕೆ ಬಾರದ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳು ತಾವೆಷ್ಟು ಕಿಲೋ ಎಂದು ತಿಳಿಯುವುದೂ ಇದರಿಂದಲೇ. ಸ್ಪ್ರಿಂಗೊಂದು ಗೊತ್ತಿರುವ ಬಲದಿಂದ ಅವರ ದೇಹವನ್ನು ಎಳೆಯುತ್ತದೆ. ದೇಹ ಎಷ್ಟು ಬೇಗ ವೇಗ ಹಿಡಿಯಿತು ಎಂದು ಯಂತ್ರ ಅಳೆಯುತ್ತದೆ.

ಜಡ ಎಂದರೆ ಸಂಸ್ಕೃತದಲ್ಲಿ ತಣ್ಣಗಾದದ್ದು, ಮರಗಟ್ಟಿದ್ದು. ಕನ್ನಡಕ್ಕೆ ಬಂದು ಸೋಮಾರಿಗೂ ಅದೇ ಹೆಸರಾಯಿತು. ಅದರಿಂದ ಹುಟ್ಟಿದ ಜಾಡ್ಯ ರೋಗವಾಯಿತು. ಲ್ಯಾಟಿನ್ನಿನ ‘ಇನರ್ಷಿಯಾ’, ಜರ್ಮನ್ನರ ‘ಟ್ರೇಗ್‌ಹೈಟ್’ ಎರಡಕ್ಕೂ ಮೈಗಳ್ಳತನ ಎಂಬ ಅರ್ಥವಿದೆ. ಎಲ್ಲರೂ ಕಲ್ಲುಗುಂಡನ್ನು ನೋಡಿ ಬೈದದ್ದು ಒಂದೇ ಬೈಗುಳ. ನನಗಿದು ಅನ್ಯಾಯವೆನಿಸುತ್ತದೆ. ಭಾಗವತದ ಜಡಭರತನೂ ಹೀಗೆ ಬೈಸಿಕೊಂಡವನೇ. ರಹೂಗಣ ರಾಜನ ಪಲ್ಲಕ್ಕಿ ಹೊತ್ತು, ಕಾಲಡಿ ಜೀವಿಗಳು ಸಿಗಬಾರದೆಂದು ನೋಡಿ ನೋಡಿ ಹೆಜ್ಜೆಯಿಡುತ್ತಿದ್ದ. ಪಲ್ಲಕ್ಕಿ ಅಲುಗಿತು, ರಾಜ ಸಿಡುಕಿದ. ಒಳಗೆ ಏನಿತ್ತೆಂಬುದು ಭರತ ಬಾಯಿ ತೆರೆದಾಗಲೇ ತಿಳಿದದ್ದು.

ಜಡವಸ್ತು ಬಾಯಿ ತೆರೆದದ್ದು 1905ರಲ್ಲಿ. ಆ ಸೆಪ್ಟೆಂಬರಿನಲ್ಲಿ ಐನ್‌ಸ್ಟೈನ್ ಕಳಿಸಿದ ಪುಟ್ಟ ಲೇಖನದ ಶೀರ್ಷಿಕೆಯೇ ಒಂದು ಪ್ರಶ್ನೆ: ವಸ್ತುವಿನ ಜಡತ್ವ ಅದರೊಳಗಿನ ಶಕ್ತಿಯನ್ನು ಅವಲಂಬಿಸಿದೆಯೇ? ಹೌದು ಎಂಬುದು ಅವರ ಉತ್ತರ. ಹೇಗೆ ಎಂದು ಕಾಣಲು ಒಂದು ಡಬ್ಬಿ ಊಹಿಸಿಕೊಳ್ಳಿ. ಒಳಗೋಡೆಗಳೆಲ್ಲ ಕನ್ನಡಿ, ಒಳಗೆ ಬೆಳಕು ಮಾತ್ರ. ಬೆಳಕಿಗೆ ತನ್ನದೆಂಬ ದ್ರವ್ಯರಾಶಿ ಇಲ್ಲ. ಈಗ ಡಬ್ಬಿಯನ್ನು ಮುಂದಕ್ಕೆ ನೂಕಿ. ಹಿಂದಿನ ಗೋಡೆ ಬೆಳಕಿಗೆ ಎದುರಾಗಿ ಬರುತ್ತದೆ, ಏಟು ಜೋರಾಗಿ ಬೀಳುತ್ತದೆ. ಮುಂದಿನ ಗೋಡೆ ಬೆಳಕಿನಿಂದ ಸರಿದುಹೋಗುತ್ತದೆ, ಏಟು ಮೆತ್ತಗಾಗುತ್ತದೆ. ಒಟ್ಟಿನಲ್ಲಿ ಬೆಳಕು ನಿಮ್ಮ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಡಬ್ಬಿ ಖಾಲಿಯಿದ್ದಾಗ ಇಲ್ಲದ ಒಲ್ಲೆತನ ಈಗ ಬಂತು. ದ್ರವ್ಯವೇ ಇಲ್ಲದ ಕಡೆ ದ್ರವ್ಯರಾಶಿ!

ಪ್ರೋಟಾನ್ ಹೆಚ್ಚುಕಡಿಮೆ ಇಂಥದೇ ಡಬ್ಬಿ. ಕಣಗಳ ಲೋಕದಲ್ಲಿ ರಾಶಿಯನ್ನು ಎಂಇವಿ ಎಂಬ ಮಾನದಲ್ಲಿ ಅಳೆಯುತ್ತಾರೆ. ಪ್ರೋಟಾನಿನದು ಸುಮಾರು 938. ಒಳಗಿರುವ ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್ ಮೂರರ ಸ್ವಂತ ರಾಶಿ ಕೂಡಿಸಿದರೆ ಸುಮಾರು 9. ಅಜ್ಜನ ಕಣದಲ್ಲಿ ಒಂಬತ್ತು ಕೊಳಗ ಅಳೆದು ಚೀಲದಲ್ಲಿ ಒಂಬೈನೂರ ಮೂವತ್ತೆಂಟು ಸಿಕ್ಕಿದ್ದರೆ ಊರೇ ಬಂದು ನೋಡುತ್ತಿತ್ತು. ಉಳಿದದ್ದೆಲ್ಲ ಓಟದ, ಬಿಗಿತದ ಶಕ್ತಿ: ಸಿಕ್ಕಿಬಿದ್ದ ಕ್ವಾರ್ಕ್‌ಗಳ ಬಿಡುವಿಲ್ಲದ ಚಲನೆ, ಅವನ್ನು ಹಿಡಿದಿಟ್ಟ ಗ್ಲುವಾನ್ ಕ್ಷೇತ್ರ. ಗ್ಲುವಾನ್‌ಗೂ ಬೆಳಕಿನಂತೆ ಸ್ವಂತ ರಾಶಿಯಿಲ್ಲ. ಇದು ಬರಿಯ ಊಹೆಯಾಗಿ ಉಳಿದಿಲ್ಲ. ಯೂರೋಪಿನ ತಂಡವೊಂದು ಸೂಪರ್‌ಕಂಪ್ಯೂಟರ್‌ಗಳಲ್ಲಿ ಲೆಕ್ಕ ಹಾಕಿ ಪ್ರೋಟಾನಿನ ರಾಶಿಯನ್ನು ಕೆಲವೇ ಶೇಕಡದ ಅಂತರದಲ್ಲಿ ತಂದುಕೊಟ್ಟ ವಿವರ 2008ರಲ್ಲಿ ಪ್ರಕಟವಾಯಿತು.

ಹಾಗಾದರೆ ಆ ಒಂಬತ್ತು ಎಲ್ಲಿಂದ ಬಂತು? ಒಳಗೆ ಇನ್ನೇನೂ ಇಲ್ಲದ ಎಲೆಕ್ಟ್ರಾನಿನ 0.511 ಎಲ್ಲಿಂದ? ಇಲ್ಲಿ ಹಿಗ್ಸ್ ಕ್ಷೇತ್ರ ಬರುತ್ತದೆ. 1964ರಲ್ಲಿ ಬ್ರೌಟ್ ಮತ್ತು ಎಂಗ್ಲರ್ಟ್ ಒಂದು ಕಡೆ, ಪೀಟರ್ ಹಿಗ್ಸ್ ಇನ್ನೊಂದು ಕಡೆ ಕಟ್ಟಿದ ವಿಚಾರಕ್ಕೆ 2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್‌ನಲ್ಲಿ ಕಣದ ರೂಪದ ಸಾಕ್ಷಿ ಸಿಕ್ಕಿತು. ಆಗ ಎಲ್ಲೆಡೆ ಕೇಳಿಸಿದ ಹೋಲಿಕೆಯೊಂದಿದೆ: ಹಿಗ್ಸ್ ಕ್ಷೇತ್ರ ಪಾಕದಂತೆ, ಕಣಗಳು ಅದರೊಳಗೆ ಓಡುವಾಗ ಅಂಟಿ ನಿಧಾನವಾಗುತ್ತವೆ. ಈ ಹೋಲಿಕೆ ಬಾಯಿಗೆ ಸಿಹಿ, ತಿಳಿವಳಿಕೆಗೆ ಕೇಡು. ಪಾಕ ಓಡುವವನನ್ನು ತಡೆದು ನಿಲ್ಲಿಸುತ್ತದೆ. ಜಡತ್ವ ಓಟವನ್ನು ತಡೆಯುವುದಿಲ್ಲ, ವೇಗದ ಬದಲಾವಣೆಗೆ ಮಾತ್ರ ಒಲ್ಲೆ ಎನ್ನುತ್ತದೆ. ಹಿಗ್ಸ್ ಕ್ಷೇತ್ರ ಎಲ್ಲೆಲ್ಲೂ ಒಂದೇ ಸಮನಾಗಿದೆ. ಅದರೊಳಗೆ ನೀವು ನಿಂತಿದ್ದೀರೋ ಸಾಗುತ್ತಿದ್ದೀರೋ ಎಂಬುದು ಅದಕ್ಕೆ ಒಂದೇ.

ನಿಜವಾಗಿ ನಡೆಯುವುದು ಹೆಣಿಗೆ. ಎಲೆಕ್ಟ್ರಾನಿಗೆ ಎಡಗೈಯದು, ಬಲಗೈಯದು ಎಂದು ಎರಡು ರೂಪಗಳುಂಟು. ಹಿಗ್ಸ್ ಕ್ಷೇತ್ರ ಇರದಿದ್ದರೆ ಎರಡೂ ಒಂದಕ್ಕೊಂದು ಸಂಬಂಧವಿಲ್ಲದೆ ಬೆಳಕಿನ ವೇಗದಲ್ಲಿ ಹೊರಟುಹೋಗುತ್ತಿದ್ದವು. ಕ್ಷೇತ್ರ ಇವೆರಡನ್ನೂ ಹೆಣೆಯುತ್ತದೆ. ಆ ಹೆಣಿಗೆ ಎಷ್ಟು ಬಿಗಿಯೋ ಅಷ್ಟು ರಾಶಿ. ಎಲೆಕ್ಟ್ರಾನಿನದು ಸಡಿಲ ಹೆಣಿಗೆ. ಟಾಪ್ ಕ್ವಾರ್ಕಿನದು ಎಷ್ಟು ಬಿಗಿಯೆಂದರೆ ಅದರ ರಾಶಿ ಎಲೆಕ್ಟ್ರಾನಿನ ಮೂರು ಲಕ್ಷಕ್ಕೂ ಹೆಚ್ಚು ಪಟ್ಟು. ಯಾವ ಕಣಕ್ಕೆ ಎಷ್ಟು ಬಿಗಿ ಎಂದು ಸಿದ್ಧಾಂತ ಹೇಳುವುದಿಲ್ಲ. ಪ್ರಯೋಗದಲ್ಲಿ ಅಳೆದು ಬರೆದುಕೊಳ್ಳಬೇಕು. ಕೊಳಗ ಕೊಟ್ಟು, ಅಳತೆ ನೀವೇ ನೋಡಿಕೊಳ್ಳಿ ಎಂದ ಹಾಗೆ.

ಹಿಗ್ಸ್ ಪಾಲು ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಎಲೆಕ್ಟ್ರಾನಿನ ರಾಶಿ ಅರ್ಧಕ್ಕಿಳಿದರೆ ಪರಮಾಣು ಎರಡರಷ್ಟು ಹಿಗ್ಗುತ್ತದೆ. ಸೊನ್ನೆಗಿಳಿದರೆ ಪರಮಾಣುವೇ ಕಟ್ಟುವುದಿಲ್ಲ. ಜೋಳವೂ ಇಲ್ಲ, ಅಳೆಯುವ ಅಜ್ಜನೂ ಇಲ್ಲ. ಆದರೂ ಎಪ್ಪತ್ತು ಕಿಲೋ ತೂಗುವ ಮನುಷ್ಯನ ಕ್ವಾರ್ಕ್‌ಗಳ, ಎಲೆಕ್ಟ್ರಾನ್‌ಗಳ ಸ್ವಂತ ರಾಶಿಯನ್ನೆಲ್ಲ ಕೂಡಿಸಿದರೆ ಒಂದು ಕಿಲೋ ಕೂಡ ತುಂಬುವುದಿಲ್ಲ.

ದ್ರವ್ಯರಾಶಿ ಎಂಬ ಪದವನ್ನು ಪಠ್ಯದಿಂದ ಕಿತ್ತುಹಾಕಿ ಎಂದು ನಾನು ಹೇಳುವುದಿಲ್ಲ. ಮಕ್ಕಳ ಬಾಯಲ್ಲಿ ಅದು ನೆಲೆಯೂರಿದೆ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರುಗಳಲ್ಲಿ ನನ್ನದೊಂದೇ ಕೋರಿಕೆ. ‘ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ’ ಎಂದು ನೋಟ್ಸ್ ಬರೆಸುವ ದಿನ, ‘ವೇಗ ಬದಲಿಸಹೋದರೆ ವಸ್ತು ಒಡ್ಡುವ ವಿರೋಧದ ಅಳತೆ’ ಎಂಬ ಸಾಲನ್ನೂ ಅದರ ಕೆಳಗೆ ಬರೆಸಿ. ಬೋರ್ಡಿನ ಮೂಲೆಯಲ್ಲಿ 9 ಎಂದೂ 938 ಎಂದೂ ಬರೆದು, ಒರೆಸದೆ ಹಾಗೇ ಬಿಡಿ.