ದುಡಿಮೆಯ ದಿನಚರಿ ಮತ್ತು ಛಾಯಾಚಿತ್ರ: ಪುತ್ತೂರು, ಸುಳ್ಯ, ಕಡಬ ಪರಿಸರದ ಒಂದು ಅವಲೋಕನ

ತುಳುನಾಡಿನ ಜನಪದ ಬದುಕನ್ನು ಕುರಿತ ಛಾಯಾಚಿತ್ರಗಳಲ್ಲಿ ಭೂತಾರಾಧನೆ, ಯಕ್ಷಗಾನ, ಕಂಬಳ ಹಾಗೂ ಜಾತ್ರೆಗಳಿಗೆ ದೊರೆತ ಸ್ಥಾನ ದಿನನಿತ್ಯದ ದುಡಿಮೆಗೆ ದೊರೆತಿಲ್ಲ. ಗಗ್ಗರ ಕಟ್ಟಿ, ಅಣಿ ಹೊತ್ತು ನಿಂತ ದೈವ ನರ್ತಕನ ಚಿತ್ರಗಳು ಹೇರಳವಾಗಿವೆ. ಕೋಲ ಮುಗಿದ ಮರುದಿನ ಅದೇ ವ್ಯಕ್ತಿ ಬುಟ್ಟಿ ಹೆಣೆಯುವ ಅಥವಾ ತೋಟಕ್ಕೆ ಹೋಗುವ ಚಿತ್ರಗಳು ವಿರಳ. ಈ ಕೊರತೆಗೆ ಕಾರಣ ಕ್ಯಾಮೆರಾದ ಅಭಾವವಷ್ಟೇ ಅಲ್ಲ. ಯಾವುದು ಚಿತ್ರಾರ್ಹ ಎಂಬ ನಿರ್ಣಯವೂ ಇದರ ಹಿಂದಿದೆ.

ವಸಾಹತು ಕಾಲದ ಜನಾಂಗೀಯ ಛಾಯಾಗ್ರಹಣವು ಮನುಷ್ಯನನ್ನು ಜಾತಿ ಅಥವಾ ಬುಡಕಟ್ಟಿನ ಮಾದರಿಯಾಗಿ ಕಂಡಿತು. 1868-75ರ ಅವಧಿಯಲ್ಲಿ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಈ ಕ್ರಮಕ್ಕೆ ನಿದರ್ಶನ. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಕೋಶವೂ ಇದೇ ದಾರಿಯದು. ಇಲ್ಲಿ ಚಿತ್ರದ ಕೆಳಗೆ ಸಮುದಾಯದ ಹೆಸರಿರುತ್ತದೆ, ವ್ಯಕ್ತಿಯ ಹೆಸರಿರುವುದು ಅಪರೂಪ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಚಿತ್ರಸಂಗ್ರಹ ಬಹು ಮುಖ್ಯವಾದ ಆಕರವೇ ಸರಿ. ಆದರೆ ಅದು ಬಹುಮಟ್ಟಿಗೆ ಮಿಶನ್ನಿನ ಶಾಲೆ, ಚರ್ಚು, ಕಾರ್ಖಾನೆಗಳ ಸುತ್ತ ಬೆಳೆದದ್ದು.

ಇದಕ್ಕಿಂತ ಭಿನ್ನವಾದುದು ವಾಸದಿಂದ ಹುಟ್ಟುವ ನೋಟ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು (1902-1997) ದಶಕಗಳ ಕಾಲ ಪುತ್ತೂರಿನಲ್ಲಿ ನೆಲೆಸಿ, ಬಾಲವನವನ್ನು ಕಟ್ಟಿದರು. ಛಾಯಾಗ್ರಹಣದಲ್ಲಿ ಆಸಕ್ತರಾಗಿದ್ದ ಅವರು ಮೂಕಿಚಿತ್ರ ನಿರ್ಮಾಣಕ್ಕೂ ಕೈಹಾಕಿದ್ದರು. ಆದರೂ ಈ ಸೀಮೆಯ ದುಡಿಮೆಯನ್ನು ಅವರು ಹೆಚ್ಚು ಗಾಢವಾಗಿ ದಾಖಲಿಸಿದ್ದು ಅಕ್ಷರದಲ್ಲಿ. ಸುಬ್ರಹ್ಮಣ್ಯ ಪರಿಸರದಲ್ಲಿ ಕಾಡಿನ ನಡುವೆ ತೋಟ ಮಾಡಿ ಬದುಕುವವರ ಕಥನ ‘ಬೆಟ್ಟದ ಜೀವ’ (1943). ಮಲೆಕುಡಿಯರ ಬದುಕನ್ನು ಆಧರಿಸಿದ ‘ಕುಡಿಯರ ಕೂಸು’ (1951) ಇನ್ನೊಂದು ನಿದರ್ಶನ. ಪ್ರವಾಸಿಗೆ ದೃಶ್ಯವಾಗಿ ಕಾಣುವ ಬೆಟ್ಟ, ನೆಲೆಸಿದವನಿಗೆ ಕೆಲಸದ ಸ್ಥಳವಾಗಿ ಕಾಣುತ್ತದೆ.

ಕಾರಂತರು ಅಕ್ಷರದಲ್ಲಿ ಮಾಡಿದ ಕೆಲಸವನ್ನು ಕ್ಯಾಮೆರಾದಿಂದ ಮಾಡಿದವರಲ್ಲಿ ಜಪಾನಿನ ಜಾನಪದ ವಿದ್ವಾಂಸ ಮಿಯಾಮೊಟೊ ತ್ಸುನೆಇಚಿ (1907-1981) ಗಮನಾರ್ಹರು. ಸುಓ-ಓಷಿಮ ದ್ವೀಪದ ರೈತ ಕುಟುಂಬದಲ್ಲಿ ಹುಟ್ಟಿದ ಅವರು ದೇಶದ ಹಳ್ಳಿಗಳನ್ನೂ ದ್ವೀಪಗಳನ್ನೂ ನಡೆದು ಕಂಡರು. ಅವರು ತೆಗೆದ ಸುಮಾರು 1,00,000 ಚಿತ್ರಗಳಲ್ಲಿ ಒಣಹಾಕಿದ ಬಟ್ಟೆ, ಗದ್ದೆಯ ಅಂಚು, ದಡಕ್ಕೆ ಎಳೆದಿಟ್ಟ ದೋಣಿಗಳಂಥ ಸಾಮಾನ್ಯ ಸಂಗತಿಗಳಿಗೇ ಪ್ರಾಧಾನ್ಯ. ಅವು ಕಲಾಕೃತಿಗಳಾಗಿ ಅಲ್ಲ, ಟಿಪ್ಪಣಿಗಳಾಗಿ ತೆಗೆದವು. ಆದ್ದರಿಂದಲೇ ಇಂದು ಚರಿತ್ರೆಯ ಆಕರಗಳಾಗಿವೆ.

ಪುತ್ತೂರು ಸೀಮೆಯಲ್ಲಿ ಇಂಥ ಆಕರಗಳನ್ನು ಹುಡುಕಬೇಕಾದುದು ಮನೆಗಳ ಆಲ್ಬಮುಗಳಲ್ಲಿ ಮತ್ತು ಕೃಷಿ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ. 1988ರಲ್ಲಿ ಪುತ್ತೂರಿನಿಂದ ಆರಂಭವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಡಬೇಕೆಂಬ ಧ್ಯೇಯವನ್ನಿಟ್ಟುಕೊಂಡಿತು. ಶ್ರೀಪಡ್ರೆ ಅವರ ಮುಂದಾಳುತನದಲ್ಲಿ ಬೆಳೆದ ಈ ಮಾಸಿಕದ ಸಂಚಿಕೆಗಳು ತೋಟದ ಕೆಲಸವನ್ನು ಬಲ್ಲವರ ದೃಷ್ಟಿಯಿಂದ ದಾಖಲಿಸಿವೆ. ಕೃಷಿ ಮಾಹಿತಿಗಾಗಿ ಅಚ್ಚಾದುದು ಜಾನಪದ ಅಧ್ಯಯನಕ್ಕೂ ಆಕರವಾಗುವುದು ಹೀಗೆ.

ಈ ದಾಖಲೆಯ ತುರ್ತು ದಿನೇ ದಿನೇ ಹೆಚ್ಚುತ್ತಿದೆ. ಕಾಲಿಗೆ ತಳೆ ಹಾಕಿ, ತಲೆಗೆ ಮುಟ್ಟಾಳೆ ಇಟ್ಟು ಅಡಿಕೆ ಮರ ಏರುವುದು, ಒಂದು ಮರದಿಂದ ಇನ್ನೊಂದಕ್ಕೆ ದಾಟುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವುದು ಅಪಾರ ನೈಪುಣ್ಯದ ಕೆಲಸಗಳು. ಈಚಿನ ವರ್ಷಗಳಲ್ಲಿ ನೆಲದ ಮೇಲೆಯೇ ನಿಂತು ಬಳಸುವ ಫೈಬರ್ ದೋಟಿ ಈ ಕೆಲಸದ ರೀತಿಯನ್ನು ಬದಲಿಸುತ್ತಿದೆ. ಜೀವಾಪಾಯ ಕಡಿಮೆಯಾಗುವುದು ಸ್ವಾಗತಾರ್ಹ. ಆದರೆ ದೇಹದಲ್ಲಿ ಉಳಿದಿದ್ದ ಆ ತಿಳಿವಳಿಕೆ ದಾಖಲಾಗದೆ ಅಳಿಯುವುದು ನಷ್ಟವೇ. ತೋಡಿಗೆ ಕಟ್ಟ ಹಾಕುವುದು, ಸುರಂಗ ಕೊರೆಯುವುದು ಮೊದಲಾದವುಗಳಿಗೂ ಈ ಮಾತು ಅನ್ವಯಿಸುತ್ತದೆ.

ಚಿತ್ರವಿದ್ದರಷ್ಟೇ ಸಾಲದು, ವಿವರವೂ ಬೇಕು. ಈಗಿನ ಕಡಬ ತಾಲ್ಲೂಕಿನ ಎಷ್ಟೋ ಗ್ರಾಮಗಳು ಹಿಂದೆ ಪುತ್ತೂರು, ಸುಳ್ಯ ತಾಲ್ಲೂಕುಗಳಲ್ಲಿದ್ದವು. ಹಳೆಯ ಶೀರ್ಷಿಕೆಯ ತಾಲ್ಲೂಕಿನ ಹೆಸರನ್ನೇ ನಂಬಿದರೆ ಸ್ಥಳನಿರ್ದೇಶ ತಪ್ಪುತ್ತದೆ. ಗ್ರಾಮ, ಮನೆ, ಋತುಗಳನ್ನು ಗುರುತಿಸುವುದು ಅವಶ್ಯ. ಸಲಕರಣೆಗಳ ಹೆಸರನ್ನು ತುಳು, ಅರೆಭಾಷೆ, ಹವ್ಯಕ ಕನ್ನಡಗಳಲ್ಲಿ ಬಳಕೆಯಲ್ಲಿರುವಂತೆಯೇ ಬರೆದುಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಚಿತ್ರದಲ್ಲಿರುವವರ ಹೆಸರು. ಮನೆಯ ಆಲ್ಬಮಿನಲ್ಲಿ ಯಜಮಾನನ ಹೆಸರು ಉಳಿದು, ಅಂಗಳದ ಅಂಚಿನಲ್ಲಿ ಅಡಿಕೆ ಸುಲಿಯುತ್ತ ಕುಳಿತ ಹೆಂಗಸರು ‘ಕೆಲಸದವರು’ ಎಂದಷ್ಟೇ ಗುರುತಿಸಲ್ಪಟ್ಟರೆ, ಅದು ವಸಾಹತು ಕಾಲದ ಹೆಸರಿಲ್ಲದ ಮಾದರಿಗಿಂತ ಹೆಚ್ಚು ಭಿನ್ನವಲ್ಲ. ಆ ಹೆಸರುಗಳನ್ನು ಬಲ್ಲ ಹಿರಿಯರು ಇಂದಿಗೂ ಅಲ್ಲಲ್ಲಿ ಇದ್ದಾರೆ. ಅವರ ಮುಂದೆ ಚಿತ್ರಗಳನ್ನಿಟ್ಟು ಕೇಳಿ ಬರೆದುಕೊಳ್ಳುವುದು ಈ ಸೀಮೆಯ ಜಾನಪದ ಸಂಶೋಧನೆಯ ಮುಂದಿರುವ, ಮುಂದೂಡಲಾಗದ ಕೆಲಸ.