ವಯಸ್ಸೆಂಬ ಲೆಕ್ಕ

ನಂಜನಗೂಡಿನ ಶ್ರೀಕಂಠೇಶ್ವರನಿಗೆ ಮಗುವಿನ ಮುಡಿ ಕೊಡಲು ಬಂದ ತಾಯಂದಿರನ್ನು ಕಪಿಲೆಯ ಸ್ನಾನಘಟ್ಟದಲ್ಲಿ ಈಗಲೂ ಕಾಣಬಹುದು. ಕೂಸಿಗೆಷ್ಟು ವಯಸ್ಸೆಂದು ಕೇಳಿದರೆ ಇಂದಿನ ತಾಯಿ ಹುಟ್ಟಿದ ದಿನಾಂಕವನ್ನೇ ಹೇಳಿಬಿಡುತ್ತಾಳೆ. ನನ್ನ ಅಜ್ಜಿಯ ಕಾಲದವರ ಉತ್ತರ ಬೇರೆ. ಹಲ್ಲು ಬಂದಿದೆ, ಹೊಸಿಲು ದಾಟಿದೆ ಎನ್ನುವರು. ಮುಂದೆ ಹುಡುಗ ದನ ಕಾಯುವಷ್ಟಾದ, ನೇಗಿಲು ಹಿಡಿದ; ಹುಡುಗಿ ದೊಡ್ಡವಳಾದಳು. ಬದುಕಿನ ಮಜಲುಗಳನ್ನು ಅವರು ಮೈಯಿಂದಲೂ ಕೆಲಸದಿಂದಲೂ ಗುರುತಿಸಿದರೇ ಹೊರತು ಅಂಕಿಯಿಂದಲ್ಲ.

ಹಾಗೆಂದು ಕಾಲದ ಲೆಕ್ಕವೇ ಇರಲಿಲ್ಲವೆಂದು ತಿಳಿಯಬಾರದು. ಅಗ್ರಹಾರದ ಮನೆಗಳಲ್ಲಿ ಜಾತಕವಿತ್ತು. ಉಳಿದವರಿಗೆ ಸಂವತ್ಸರದ ಹೆಸರುಗಳಿದ್ದವು. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ನಮ್ಮ ಸೀಮೆಯ ಮುದುಕರು ಧಾತು-ಈಶ್ವರದ ಬರವೆಂದೇ ನೆನೆಯುತ್ತಿದ್ದರು. ಅದಕ್ಕೆ ಹಿಂದೆ ಹುಟ್ಟಿದವರು, ಅದರಿಂದೀಚೆಗೆ ಹುಟ್ಟಿದವರು ಎಂಬ ವಿಂಗಡಣೆ ಸಾಕಾಗುತ್ತಿತ್ತು. ತಿರುಮಕೂಡಲು ನರಸೀಪುರ ತಾಲ್ಲೂಕಿನವರಿಗೆ ತಲಕಾಡಿನ ಪಂಚಲಿಂಗ ದರ್ಶನ ಇನ್ನೊಂದು ಗಡಿಕಲ್ಲು. ಆದರೆ ಅದು ಸಮನಾದ ಅಳತೆಗೋಲಲ್ಲ. 1979, 1986, 1993ರಲ್ಲಿ ನಡೆದದ್ದು ಮತ್ತೆ ಬಂದದ್ದು 2006ರಲ್ಲಿ. ಆಮೇಲೆ ಮೂರೇ ವರ್ಷಕ್ಕೆ, 2009ರಲ್ಲಿ. ಎಷ್ಟು ಪಂಚಲಿಂಗ ಕಂಡಿರಿ ಎಂಬುದರಿಂದ ವಯಸ್ಸು ತಿಳಿಯಹೊರಟವನು ಮೋಸಹೋಗುತ್ತಾನೆ.

ಈ ಸಡಿಲ ಲೆಕ್ಕಕ್ಕೆ ಸರ್ಕಾರದ ಬಿಗಿಲೆಕ್ಕ ಎದುರಾದದ್ದು 1894ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆಯುವ ಕಾನೂನನ್ನು ತಂದಿತು. ಎಂಟು ತುಂಬದ ಹೆಣ್ಣುಮಗುವಿಗೆ ಮದುವೆ ಮಾಡುವುದು ಅಪರಾಧ. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದೂ ಅಪರಾಧ. ಬ್ರಿಟಿಷ್ ಇಂಡಿಯಾದ ಶಾರದಾ ಕಾಯಿದೆ ಬಂದದ್ದು 1929ರಲ್ಲಿ ಎಂಬುದನ್ನು ನೆನೆದರೆ ಇದು ಧೈರ್ಯದ ಹೆಜ್ಜೆಯೇ. ಎಂಟು ಎಂಬ ಗೆರೆ ಇಂದು ನಮಗೆ ನಾಚಿಕೆ ತರಿಸುವಷ್ಟು ಕೆಳಗಿದೆ, ಅದು ಬೇರೆ ಮಾತು. ಆದರೆ ಎಂಟು ತುಂಬಿತೋ ಇಲ್ಲವೋ ಎಂದು ಹೇಳುವವರು ಯಾರು? ಎಂಟು ನಡೆಯುತ್ತಿದ್ದರೂ ನಮ್ಮಲ್ಲಿ ಎಂಟೇ. ಉಪನಯನಕ್ಕಂತೂ ಗರ್ಭಾಷ್ಟಮವೆಂದು ಬಸಿರಿನ ತಿಂಗಳುಗಳನ್ನೂ ಸೇರಿಸಿ ಎಣಿಸುವ ವಾಡಿಕೆ. ಜನಗಣತಿಯವರ ಮುಂದೆ ಜನ ಇಪ್ಪತ್ತು, ಮೂವತ್ತು, ನಲವತ್ತು ಎಂದು ಹತ್ತರ ಲೆಕ್ಕದಲ್ಲೇ ವಯಸ್ಸು ಹೇಳುತ್ತಿದ್ದ ನಾಡಿನಲ್ಲಿ, ಒಂದು ಹೆಣ್ಣುಮಗುವಿನ ರಕ್ಷಣೆ ಒಂದು ವರ್ಷದ ಕೂದಲೆಳೆಗೆ ಜೋತುಬಿದ್ದಿತ್ತು. ಅಂಕಿ ಅವಳಿಗೆ ಬೇಲಿಯಾಗಬೇಕಿತ್ತು. ಆ ಅಂಕಿಯನ್ನು ಹೇಳುವ ಬಾಯಿ ಮಾತ್ರ ಮದುವೆ ಮಾಡಲು ಹೊರಟವರದೇ.

ನನ್ನ ಅಜ್ಜಿಯ ಊರು ನರಸೀಪುರದ ಹತ್ತಿರ, ಕಾವೇರಿಯ ದಡದಲ್ಲಿ. "ನೀರು ಬಂದಾಗ ನಾನು ಮೂರು ತಿಂಗಳ ಕೂಸಂತೆ, ಮೊರದಲ್ಲಿ ಮಲಗಿಸಿಕೊಂಡು ದಿಣ್ಣೆ ಹತ್ತಿದರಂತೆ" ಎನ್ನುತ್ತಿದ್ದಳು. ಆ ನೀರು 1924ರ ಜುಲೈನ ಮಹಾಪೂರ, ರಕ್ತಾಕ್ಷಿ ಸಂವತ್ಸರ. ದಿನಾಂಕವಿಲ್ಲದಿದ್ದರೂ ಇದಕ್ಕಿಂತ ಖಚಿತವಾದ ಜನ್ಮಪತ್ರ ಬೇಕೆ? 1984ರಲ್ಲಿ ರಕ್ತಾಕ್ಷಿ ಮರಳಿ ಬಂದಾಗ, "ನನ್ನ ವರ್ಷ ತಿರುಗಿ ಬಂತು ಕಣಪ್ಪ, ಇನ್ನೇನಿದ್ದರೂ ಎರಡನೇ ಸುತ್ತು" ಎಂದು ನಕ್ಕಿದ್ದಳು. ಅರವತ್ತರ ಶಾಂತಿ ಮಾಡಿಸುವ ಅನುಕೂಲ ನಮಗಿರಲಿಲ್ಲ. ಸಂಗಮದಲ್ಲಿ ಮಿಂದು ಗುಂಜಾ ನರಸಿಂಹನಿಗೆ ಕಾಯಿ ಒಡೆಸಿ ಬಂದಳು.

ಕೆಲವು ವರ್ಷಗಳ ಮೇಲೆ ವೃದ್ಧಾಪ್ಯ ವೇತನಕ್ಕೆ ಅರ್ಜಿ ಕೊಡಿಸಲು ನಾನೇ ಅವಳನ್ನು ಕರೆದುಕೊಂಡು ಹೋದೆ. ಅರವತ್ತೈದು ತುಂಬಿರಬೇಕೆಂಬ ನಿಯಮವಿದ್ದ ಕಾಲ. ಕಚೇರಿಯಲ್ಲಿ ಪ್ರಮಾಣಪತ್ರ ಕೇಳಿದರು. ಹೊಳೆ ಬಂದ ಕಥೆಯನ್ನು ಅಜ್ಜಿ ಸಾವಧಾನವಾಗಿ ಹೇಳಿದಳು. ಗುಮಾಸ್ತರು ತಾಳ್ಮೆಯಿಂದಲೇ ಕೇಳಿ, ವೈದ್ಯರಿಂದ ವಯಸ್ಸು ಬರೆಸಿ ತರಲು ಹೇಳಿದರು. ವೈದ್ಯರು ಅವಳ ಹಲ್ಲು ನೋಡಿದರು, ಒಂದೂ ಬಿದ್ದಿರಲಿಲ್ಲ. ಸುಮಾರು ಐವತ್ತೆಂಟು ಎಂದು ಬರೆದುಕೊಟ್ಟರು.

ದಾರಿಯಲ್ಲಿ ಅವಳು ಕೇಳಿದ್ದು ಒಂದೇ ಮಾತು: "ಹಾಗಾದರೆ ಮೊರದಲ್ಲಿದ್ದ ಕೂಸು ಯಾರದಪ್ಪ?" ಉತ್ತರ ನನ್ನಲ್ಲಿರಲಿಲ್ಲ. ವೇತನ ಬರಲು ಮತ್ತೆ ಏಳು ವರ್ಷ ಹಿಡಿಯಿತು. ಅವಳು ತೀರಿಕೊಂಡ ಮೇಲೆ ಪೆಟ್ಟಿಗೆ ತೆರೆದರೆ ಪಡಿತರ ಚೀಟಿಯಲ್ಲಿ ಒಂದು ವಯಸ್ಸು, ಮತದಾರರ ಚೀಟಿಯಲ್ಲಿ ಇನ್ನೊಂದು. ಮರಣಪತ್ರಕ್ಕೆ ಯಾವುದನ್ನು ಬರೆಸಲೆಂದು ನನ್ನನ್ನು ಕೇಳಿದರು. ನಾನು 1924ರಿಂದ ಎಣಿಸಿ ಹೇಳಿದೆ.